‘ಹೋಯ್ಕ್’ ಎಂಬುದು ಉಚ್ಚಾರದೋಷವಲ್ಲ: ವಾಕ್ ಚಿಕಿತ್ಸಕರಿಗೂ ವಿಶೇಷ ಶಾಲೆಗಳಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದ ವಾಕ್ ಮತ್ತು ಭಾಷಾ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಹಾಗೂ ವಿಶೇಷ ಶಾಲೆ ಮತ್ತು ವಸತಿಗೃಹಗಳ ಆಡಳಿತ ಮಂಡಳಿಗಳ ಸದಸ್ಯರಿಗೆ,

ವಿಷಯ: ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳಿಗೂ ವಯಸ್ಕರಿಗೂ ಮನೆಮಾತನ್ನು ಬಿಡಿಸುವ ಸಲಹೆಯನ್ನು ನಿಲ್ಲಿಸುವ ಕುರಿತು.

ಮಾನ್ಯರೇ,

ನನ್ನ ತಮ್ಮ 1995ರಲ್ಲಿ ಕುಂದಾಪುರದ ಆಸ್ಪತ್ರೆಯೊಂದರಲ್ಲಿ ಹುಟ್ಟಿದ. ಅವನಿಗೆ ಡೌನ್ ಸಿಂಡ್ರೋಮ್ ಇದೆ ಎಂಬುದು ಗೊತ್ತಾಗುವ ಹೊತ್ತಿಗೆ ಅವನಿಗೆ ಎಂಟು ತಿಂಗಳು. ಕೋಟೇಶ್ವರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವನಿಗೆ ಬೇಕಾದ ತರಬೇತಿ ಸಿಗುವುದಿಲ್ಲವೆಂದು 1999ರಲ್ಲಿ ಅಪ್ಪ ಬೆಂಗಳೂರಿನ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವ ಕೆಲಸ ಹಿಡಿದು ನಮ್ಮೆಲ್ಲರನ್ನೂ ಕರೆದುಕೊಂಡು ಬಂದರು. ಆಗ ತಮ್ಮನಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಈ ಪತ್ರದಲ್ಲಿ ನಾನು ಹೇಳುವುದು ಬಹುಮಟ್ಟಿಗೆ ಅಲ್ಲಿಂದ ಮುಂದಿನ ಎಂಟು ವರ್ಷಗಳ ಕಥೆ. ನಮಗೆ ಸಲಹೆ ಕೊಟ್ಟ ಕೇಂದ್ರದ ಹೆಸರನ್ನಾಗಲಿ ವ್ಯಕ್ತಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರು ನಮ್ಮೊಡನೆ ಸೌಜನ್ಯದಿಂದಲೇ ನಡೆದುಕೊಂಡರು, ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟರು. ಅದೇ ಸಲಹೆಯನ್ನು ಆಮೇಲೆ ಬೇರೆ ಬೇರೆ ಊರುಗಳ ಹತ್ತಾರು ತಂದೆತಾಯಿಯರ ಬಾಯಲ್ಲಿ ಕೇಳಿರುವುದರಿಂದ ಇದನ್ನು ಒಬ್ಬರ ತಪ್ಪೆಂದು ಭಾವಿಸಲು ನನಗೆ ಸಾಧ್ಯವಾಗಿಲ್ಲ.

ಆ ಸಲಹೆ ಹೀಗಿತ್ತು: “ಮಗುವಿನ ತಲೆಗೆ ಎರಡು ಭಾಷೆಯ ಭಾರ ಹೊರಿಸಬೇಡಿ. ಶಾಲೆಯೂ ತರಬೇತಿಯೂ ಇಂಗ್ಲಿಷಿನಲ್ಲಿ ಇರುತ್ತದೆ, ಆದ್ದರಿಂದ ಮನೆಯಲ್ಲಿಯೂ ಇಂಗ್ಲಿಷ್ ಒಂದನ್ನೇ ಆಡಿ.”

ಅಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಮನೆಯಲ್ಲಿ ಆಡುತ್ತಿದ್ದುದು ಕುಂದಾಪ್ರ ಕನ್ನಡ. ಆಕೆ ವೈದ್ಯರ ಚೀಟಿಯನ್ನು ಪಾಲಿಸುವಷ್ಟೇ ಶ್ರದ್ಧೆಯಿಂದ ಈ ಮಾತನ್ನು ಪಾಲಿಸಲು ಹೊರಟರು. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡ ಅಕ್ಷರಗಳಲ್ಲಿ ಇಂಗ್ಲಿಷ್ ಮಾತುಗಳನ್ನು ಬರೆಸಿಕೊಂಡರು: ಕಮ್, ಸಿಟ್, ಈಟ್, ವಾಶ್ ಹ್ಯಾಂಡ್, ನೋ, ಡೋಂಟ್ ಟಚ್, ವೆರಿ ಗುಡ್. ಒಟ್ಟು ನಲವತ್ತು ಮಾತುಗಳಿದ್ದಿರಬಹುದು. ಅವುಗಳಲ್ಲಿ ಹೆಚ್ಚಿನವು ಅಪ್ಪಣೆಗಳು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಡುಗೆ ಮಾಡುತ್ತಾ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೀನಿನ ಬೆಲೆ, ನೆಂಟರ ಜಗಳ, ಯಕ್ಷಗಾನ ಮೇಳದ ಆಟದಲ್ಲಿ ಕಂಡ ರಾಕ್ಷಸನ ವೇಷ ಎಲ್ಲವನ್ನೂ ಹೇಳುತ್ತಿದ್ದ ಹೆಂಗಸು, ಒಂದು ತಿಂಗಳೊಳಗೆ ಮಗನ ಮುಂದೆ ಬಹುತೇಕ ಮೂಕಿಯಾದರು. ಅವರ ಇಂಗ್ಲಿಷಿನಲ್ಲಿ ಮುದ್ದಿನ ಮಾತಿರಲಿಲ್ಲ, ಬೈಗುಳವಿರಲಿಲ್ಲ, ‘ಒಂದೂರಲ್ಲಿ’ ಎಂದು ಶುರುವಾಗುವ ಒಂದು ಕಥೆಯೂ ಇರಲಿಲ್ಲ. ಮಾತು ಕಲಿಯಲು ಕಷ್ಟಪಡುವ ಮಗುವಿಗೆ ದಿನವಿಡೀ ಕೇಳಿಸುತ್ತಿದ್ದ ಮಾತೇ ಹೀಗೆ ನಲವತ್ತು ಅಪ್ಪಣೆಗಳಿಗೆ ಇಳಿಯಿತು.

ನನ್ನ ಪಾಲನ್ನೂ ಮುಚ್ಚಿಡಬಾರದು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೊಸದಾಗಿ ಸೇರಿದ್ದ ನಾನೇ ಆ ಮನೆಯ ಪೊಲೀಸು. ಅವನು ಬಾಗಿಲ ಕಡೆ ಕೈ ತೋರಿಸಿ “ಹೋಯ್ಕ್” ಎಂದರೆ ಕೈಗೆ ಮೆಲ್ಲಗೆ ಹೊಡೆದು “ಸೇ ಗೋ” ಎನ್ನುತ್ತಿದ್ದೆ. ಕುಂದಾಪುರದವರಲ್ಲದ ಓದುಗರಿಗೆ ಹೇಳಬೇಕೆಂದರೆ ‘ಹೋಯ್ಕ್’ ಎಂದರೆ ಹೋಗಬೇಕು, ‘ಬರ್ಕ್’ ಎಂದರೆ ಬರಬೇಕು, ‘ಉಣ್ಕ್’ ಎಂದರೆ ಉಣ್ಣಬೇಕು. ಕ್ರಿಯೆಯೂ ‘ಬೇಕು’ ಎಂಬ ಆಸೆಯೂ ಒಂದೇ ಉಸಿರಿನಲ್ಲಿ ಹೊರಬೀಳುವ ಇಂತಹ ಮಾತು, ಬಾಯಿಯ ಸ್ನಾಯುಗಳಲ್ಲಿ ಬಿಗಿ ಕಡಿಮೆಯಿರುವ, ಉದ್ದದ ಶಬ್ದಗಳನ್ನು ಹಿಡಿದಿಟ್ಟುಕೊಳ್ಳಲು ತೊಡಕಾಗುವ ಡೌನ್ ಸಿಂಡ್ರೋಮಿನ ಮಗುವಿಗೆ ಹೇಳಿ ಮಾಡಿಸಿದಂತಿದೆ. ಆದರೆ 2001ರ ಅವನ ಮೌಲ್ಯಮಾಪನ ವರದಿಯಲ್ಲಿ ಇದೇ ಮಾತು ‘ಹೋಗಬೇಕು’ ಎಂಬುದರ ದೋಷಯುಕ್ತ ಉಚ್ಚಾರಣೆಯೆಂದು ದಾಖಲಾಗಿದೆ; ನಡುವಿನ ಅಕ್ಷರಗಳನ್ನು ನುಂಗುತ್ತಾನೆ ಎಂಬ ಷರಾ ಕೂಡ ಇದೆ. ಈ ಅಳತೆಗೋಲನ್ನು ಹಿಡಿದರೆ ನಮ್ಮ ಇಡೀ ತಾಲ್ಲೂಕೇ ಚಿಕಿತ್ಸೆಗೆ ಸಾಲಾಗಿ ನಿಲ್ಲಬೇಕಾಗುತ್ತದೆ.

ಅದೇ ವರದಿಯ ಇನ್ನೊಂದು ಸಾಲಿನಲ್ಲಿ, ಛತ್ರಿ, ಸೇಬು, ಬಸ್ಸು, ಕೇಕು ಮೊದಲಾದ ಇಪ್ಪತ್ತು ಚಿತ್ರಗಳಲ್ಲಿ ಆರನ್ನು ಮಾತ್ರ ಗುರುತಿಸಿದ ಎಂದಿದೆ. ಕೇಕನ್ನು ಅವನು ಆವರೆಗೆ ಕಂಡೇ ಇರಲಿಲ್ಲ. ಕೊಡಪಾನ, ಹೆಡಿಗೆ, ಮೆಟ್ಟುಕತ್ತಿ, ಬೂತಾಯಿ ಮೀನು, ಚಂಡೆ, ಇವುಗಳಲ್ಲಿ ಒಂದರ ಚಿತ್ರವೂ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಅವನಿಗೆ ಬರುತ್ತಿದ್ದುದು ಅವೇ.

ಈ ಸಲಹೆಯ ಹಿಂದಿನ ತರ್ಕ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಒಂದು ಕೊಡವನ್ನೇ ಹೊರಲಾಗದವನ ತಲೆಗೆ ಎರಡು ಕೊಡ ಏಕೆ ಎಂಬ ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಭಾಷೆಗಳು ಮಗುವಿನ ತಲೆಯಲ್ಲಿ ಹೀಗೆ ಕೊಡಗಳಂತೆ ಕೂರುವುದಿಲ್ಲವೆಂದು ನಿಮ್ಮದೇ ಶಾಸ್ತ್ರ ಹೇಳುತ್ತಾ ಬಂದಿದೆ. 2005ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಡೌನ್ ಸಿಂಡ್ರೋಮ್ ಇದ್ದು ಎರಡು ಭಾಷೆಗಳ ನಡುವೆ ಬೆಳೆಯುತ್ತಿದ್ದ ಮಕ್ಕಳನ್ನು, ಅಷ್ಟೇ ಬೆಳವಣಿಗೆಯ ಮಟ್ಟದಲ್ಲಿದ್ದು ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆಯುತ್ತಿದ್ದ ಡೌನ್ ಸಿಂಡ್ರೋಮಿನ ಮಕ್ಕಳೊಡನೆ ಹೋಲಿಸಿ ನೋಡಲಾಯಿತು. ಎರಡು ಭಾಷೆಯ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಅವರಿಗೆ ಇನ್ನೊಂದು ಭಾಷೆಯೂ ಅಷ್ಟಿಷ್ಟು ಬರುತ್ತಿತ್ತು. ಆಟಿಸಂ ಇರುವ ಮಕ್ಕಳ ಮೇಲೆ ಆಮೇಲೆ ನಡೆದ ಅಧ್ಯಯನಗಳೂ ಎರಡು ಭಾಷೆಯಿಂದ ಮಾತು ಕುಂಠಿತವಾಗುತ್ತದೆ ಎಂಬ ಭಯವನ್ನು ಎತ್ತಿಹಿಡಿದಿಲ್ಲ. ಹಾಗಿದ್ದೂ ಕಳೆದ ವರ್ಷ ಒಬ್ಬ ತುಳು ಮಾತನಾಡುವ ತಾಯಿ ತನ್ನ ಮೂರು ವರ್ಷದ ಮಗಳ ವಿಷಯದಲ್ಲಿ ಅದೇ ಸಲಹೆಯನ್ನು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ನನಗೆ ಒಪ್ಪಿಸಿದರು. ಇಪ್ಪತ್ತೈದು ವರ್ಷಗಳಲ್ಲಿ ಆಗಿರುವ ಒಂದೇ ಬದಲಾವಣೆಯೆಂದರೆ, ಅವರ ನಲವತ್ತು ಮಾತುಗಳು ನೋಟ್‌ಬುಕ್ಕಿನ ಬದಲು ಮೊಬೈಲಿನಲ್ಲಿ ಬಂದಿವೆ.

ಇನ್ನೊಂದು ವಿಚಿತ್ರವನ್ನೂ ನಿಮ್ಮ ಗಮನಕ್ಕೆ ತರಬೇಕು. ನಮ್ಮ ಮಕ್ಕಳ ಬುದ್ಧಿಮಟ್ಟವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ, ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ರೂಪಿಸಿದ್ದು. ಮೈಸೂರಿನಲ್ಲಿ 1960ರ ದಶಕದಿಂದ ವಾಕ್ ಮತ್ತು ಶ್ರವಣಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಕನ್ನಡದ ಮಕ್ಕಳ ಭಾಷೆಯನ್ನು ಕನ್ನಡದಲ್ಲಿಯೇ ಪರೀಕ್ಷಿಸುವ ಸಾಧನಗಳು ಈ ನಾಡಿನಲ್ಲಿಯೇ ಸಿದ್ಧವಾಗಿವೆ. ಹೊರಗಿನಿಂದ ತರಿಸಬೇಕಾದುದು ಏನೂ ಇಲ್ಲ. ಆದರೂ ನಮ್ಮ ತಮ್ಮನನ್ನು ಅಳೆದಾಗ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಅವನು ಸುಮ್ಮನಿದ್ದುದನ್ನು ಕಂಡು ಅರ್ಧಂಬರ್ಧ ಕನ್ನಡದಲ್ಲಿ ಮತ್ತೆ ಕೇಳಿ, ಅಂಕವನ್ನು ಕೊಟ್ಟರು. ಪ್ರಮಾಣಪತ್ರದಲ್ಲಿ ಅಚ್ಚಾದ ಆ ಸಂಖ್ಯೆ ಅವನ ಬುದ್ಧಿಯದೋ, ಅವನಿಗೆ ಬಾರದ ಭಾಷೆಯದೋ ಎಂದು ಇಂದಿಗೂ ಬಿಡಿಸಿ ಹೇಳಲಾರೆ.

ಭಾಷೆಯೊಂದೇ ಹೋಗಿದ್ದರೆ ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಊರಿನಲ್ಲಿದ್ದ ಅಜ್ಜಿಗೆ ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದೆವು. ಅಜ್ಜಿ ಆ ಕಡೆಯಿಂದ “ಉಂಡ್ಯಾ ಮಗಾ?” ಎನ್ನುತ್ತಿದ್ದರು. ಮೊದಲ ವರ್ಷ ತಮ್ಮ ನಗುತ್ತಿದ್ದ, “ಉಂಡೆ” ಎನ್ನುತ್ತಿದ್ದ. ಎರಡನೆಯ ವರ್ಷಕ್ಕೆ ರಿಸೀವರನ್ನು ಕಿವಿಗೆ ಹಿಡಿದು ಸುಮ್ಮನೆ ನಿಲ್ಲತೊಡಗಿದ. ಮೂರನೆಯ ವರ್ಷ ಅಜ್ಜಿಯೇ “ಮಗೀಗೆ ಫೋನು ಕೊಡ್ಬೇಡ” ಎಂದರು. ನಮ್ಮ ಮನೆಗೆ ಬರುತ್ತಿದ್ದ ನೆಂಟರೂ ಅವನನ್ನು ಕಂಡಾಗ ತಮಗೆ ಬರುವ ಎರಡು ಇಂಗ್ಲಿಷ್ ಮಾತುಗಳನ್ನು ಆಡಿ, ತಲೆ ಸವರಿ, ‘ದೇವರ ಮಗು’ ಎಂದು ಹೇಳಿ ನಮ್ಮ ಕಡೆಗೆ ತಿರುಗಿಬಿಡುತ್ತಿದ್ದರು. ತಮಾಷೆ ಮಾಡಿ ಕೆಣಕುವ ಮಾವ, ಹೆದರಿಸುವ ಚಿಕ್ಕಮ್ಮ, ಆಣೆ ಹಾಕಿಸುವ ಓರಗೆಯ ಮಕ್ಕಳು, ಇವರೆಲ್ಲರ ನಡುವೆ ಒಬ್ಬ ಹುಡುಗನಿಗೆ ತಾನು ಯಾರ ಪೈಕಿ ಎಂಬುದು ತಿಳಿಯಬೇಕು. ಅವನು ಮಾತ್ರ ನಮ್ಮದೇ ಮನೆಯಲ್ಲಿ ವಿದೇಶದಿಂದ ಬಂದ ಅತಿಥಿಯಂತೆ ಬೆಳೆದ.

2007ರ ದೀಪಾವಳಿಗೆ ನಾವು ಊರಿಗೆ ಹೋದೆವು. ಬಲಿಪಾಡ್ಯಮಿಯ ಸಂಜೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯುವುದು ನಮ್ಮ ಕಡೆಯ ಪದ್ಧತಿ. ಹಿರಿಯರೊಬ್ಬರು ಕರೆಯುವ ಮಾತುಗಳನ್ನು ಹೇಳುತ್ತಾರೆ. ಕೊನೆಗೆ ಗದ್ದೆಯ ಅಂಚಿನಲ್ಲಿ ನಿಂತವರೆಲ್ಲ ಒಟ್ಟಾಗಿ ‘ಕೂ’ ಎಂದು ಉದ್ದಕ್ಕೆ ಕೂಗುತ್ತಾರೆ. ಪಕ್ಕದ ಗದ್ದೆಯವರ ಕೂಗು ಅದಕ್ಕೆ ಉತ್ತರವೆಂಬಂತೆ ಕೇಳಿಸುತ್ತದೆ. ದೊಡ್ಡಪ್ಪ ಮೊದಲ ಸಲ ಕರೆದಾಗ ತಮ್ಮ ಬೆಚ್ಚಿ ಅಮ್ಮನ ಸೆರಗು ಹಿಡಿದ. ಎರಡನೆಯ ಸಲ ಅವನು ಕಿವಿಗೊಟ್ಟ. ಮೂರನೆಯ ಸಲ ಎಲ್ಲರ ಕೂಗು ಮುಗಿದ ಮೇಲೂ ಅವನ ‘ಕೂ’ ನಿಲ್ಲಲಿಲ್ಲ. ಯಾರೂ ‘ವೆರಿ ಗುಡ್’ ಎನ್ನಲಿಲ್ಲ. ದೊಡ್ಡಪ್ಪ ಹಿಂದಕ್ಕೆ ತಿರುಗಿ, “ಅಡ್ಡಿಲ್ಲೆ, ಮಾಣಿ ಸ್ವರ ಗಟ್ಟಿ ಇತ್ತ್, ಮುಂದಿನ ಗದ್ದೀಗೂ ಇವನೇ ಕೂಗ್ಲಿ” ಎಂದರು. ಹನ್ನೆರಡು ವರ್ಷದ ಅವನಿಗೆ ಬೇರೆಯವರಿಗೂ ಬೇಕಾದ ಒಂದು ಕೆಲಸವನ್ನು ಯಾರಾದರೂ ವಹಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ರಾತ್ರಿ ಅಮ್ಮ ಅವನ ಪಕ್ಕ ಮಲಗಿಕೊಂಡು ತಡರಾತ್ರಿಯವರೆಗೆ ಪಿಸುಗುಟ್ಟುತ್ತಿದ್ದುದು ಕೇಳಿಸಿತು. ಇಂಗ್ಲಿಷಿನಲ್ಲಿ ಅಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಸಲಹೆ ನಿಂತಿತು. ಅವನ ಮಾತು ಪವಾಡದಂತೆ ಹರಿಯಿತೆಂದು ನಾನು ಹೇಳುತ್ತಿಲ್ಲ. ಇಂದಿಗೂ ಅವನು ಎರಡು ಮೂರು ಪದಗಳಾಚೆ ವಾಕ್ಯವನ್ನು ಬೆಳೆಸುವುದು ಅಪರೂಪ, ಹೊಸಬರಿಗೆ ಅವನ ಅರ್ಧ ಮಾತು ತಿಳಿಯುವುದಿಲ್ಲ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದಗಳನ್ನು ಅವನು ಬಿಟ್ಟಿಲ್ಲ, ಅವು ಹಾಗೆಯೇ ಉಳಿದಿವೆ. ಆದರೆ ಅವನಿಗೆ ‘ಆಸ್ರಿ’ ಆದಾಗ ಯಾರ ಮನೆಯ ಜಗಲಿಗೆ ಹೋದರೂ ಕೇಳಿ ನೀರು ಕುಡಿಯಬಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಎಂದು ಮೇಳಗಳ ಹೆಸರು ಹೇಳುತ್ತಾನೆ, ಚಂಡೆಯ ಪೆಟ್ಟು ಬದಲಾದರೆ ವೇಷ ಒಳಗೆ ಬರುತ್ತದೆಂದು ನಮಗಿಂತ ಮೊದಲು ನೆಟ್ಟಗೆ ಕೂರುತ್ತಾನೆ, ಕೋಟೇಶ್ವರದ ತೇರಿನ ಹಬ್ಬವಾದ ಕೊಡಿಹಬ್ಬದಲ್ಲಿ ಹೊಸ ಮದುಮಕ್ಕಳಿಗೆ ಕಬ್ಬಿನ ಕೊಡಿ (ಚಿಗುರು) ಆರಿಸಿಕೊಡುವುದು ತನ್ನದೇ ಹಕ್ಕು ಎಂಬಂತೆ ವರ್ತಿಸುತ್ತಾನೆ. ಮೂರು ವರ್ಷಗಳ ಹಿಂದೆ ಸರ್ಕಾರಿ ಸೌಲಭ್ಯವೊಂದಕ್ಕಾಗಿ ಅವನ ಮೌಲ್ಯಮಾಪನ ಮತ್ತೆ ನಡೆದಾಗ ‘ವಿರಾಮ ಕಾಲದ ಆಸಕ್ತಿಗಳು’ ಎಂಬಲ್ಲಿ ‘ಇಲ್ಲ’ ಎಂದು ಬರೆಯಲಾಯಿತು. ಪ್ರಶ್ನೆ ‘ಹಾಬೀಸ್’ ಎಂದಿತ್ತು.

ನಮ್ಮದು ಮನೆಯೊಳಗಿನ ಕಥೆಯಾಯಿತು. ಮನೆ ಬಿಟ್ಟು ಬದುಕುವವರ ಸ್ಥಿತಿ ಇದಕ್ಕಿಂತ ಕಠಿಣ. ಬೌದ್ಧಿಕ ಅಂಗವೈಕಲ್ಯವುಳ್ಳ ಮಹಿಳೆಯರ ವಸತಿಗೃಹವೊಂದಕ್ಕೆ ನಾನು ಎರಡು ವರ್ಷ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿ ನಲವತ್ತರ ಆಸುಪಾಸಿನ ಒಬ್ಬರ ಕಡತದಲ್ಲಿ ‘ಮಾತು ಬರುವುದಿಲ್ಲ’ ಎಂದು ನಮೂದಾಗಿತ್ತು. ಹಿಂದಿನ ಕಟ್ಟಡದ ಕೆಲಸಕ್ಕೆ ಬಂದಿದ್ದ ಲಂಬಾಣಿ ಹೆಣ್ಣುಮಗಳೊಬ್ಬಳು ಒಂದು ಮಧ್ಯಾಹ್ನ ಕಾಂಪೌಂಡಿನ ಬಳಿ ತನ್ನ ಮಗುವನ್ನು ಗದರಿಸುತ್ತಿದ್ದಾಗ, ಈ ‘ಮಾತು ಬಾರದ’ ಹೆಂಗಸು ಗೋಡೆಯ ಹತ್ತಿರ ಓಡಿಹೋಗಿ ಅದೇ ಭಾಷೆಯಲ್ಲಿ ಏನೋ ಹೇಳಿದರು. ಏನೆಂದು ಕೇಳಿದಾಗ ಆ ಹೆಣ್ಣುಮಗಳು ನಕ್ಕು, “ಮಗುವನ್ನು ಹೊಡೀಬೇಡ ಅಂತಾಳೆ” ಎಂದಳು. ಎಷ್ಟೋ ವರ್ಷಗಳಿಂದ ಅವರೊಡನೆ ಅವರ ಭಾಷೆಯಲ್ಲಿ ಒಬ್ಬರೂ ಮಾತನಾಡಿರಲಿಲ್ಲ, ಅಷ್ಟೆ. ಅದೇ ಗೃಹದಲ್ಲಿ ಎಲ್ಲರ ಕೂದಲನ್ನೂ ಹೇನಿನ ಕಾರಣಕ್ಕೆ ಗಿಡ್ಡವಾಗಿ ಕತ್ತರಿಸುತ್ತಿದ್ದರು. ಹೂ ಮುಡಿಯುವ ಆಸೆಯಿದ್ದವರು ಮಲ್ಲಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದನ್ನು ಕಂಡಿದ್ದೇನೆ.

2011ರ ಜನಗಣತಿಯಲ್ಲಿ ಕರ್ನಾಟಕದ 13,24,205 ಅಂಗವಿಕಲ ವ್ಯಕ್ತಿಗಳ ಪೈಕಿ 93,974 ಜನರನ್ನು ಆಗಿನ ಪರಿಭಾಷೆಯಂತೆ ‘ಬುದ್ಧಿಮಾಂದ್ಯ’ ಎಂಬ ಅಂಕಣದಲ್ಲಿ ಎಣಿಸಲಾಯಿತು. ಆ ಗಣತಿಗೆ ಹೋದವರಿಗೆ ಕೊಟ್ಟಿದ್ದ ಸೂಚನೆಗಳಲ್ಲಿ ಒಂದು ನನಗೆ ಬಹಳ ಇಷ್ಟ: ಇನ್ನೂ ಮಾತು ಬಾರದ ಹಸುಗೂಸಿಗೂ, ಮಾತನಾಡಲಾಗದವರಿಗೂ ಮಾತೃಭಾಷೆಯ ಅಂಕಣವನ್ನು ಖಾಲಿ ಬಿಡಬಾರದು, ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನೇ ಬರೆಯಬೇಕು. ಹತ್ತು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಹತ್ತು ನಿಮಿಷದಲ್ಲಿ ಹೋಗುವ ಗಣತಿದಾರರು ಒಪ್ಪಿಕೊಂಡಿರುವ ಈ ಮಾತನ್ನು ವಾರಕ್ಕೆ ಮೂರು ಸಲ ಮಗುವಿನ ಎದುರು ಕೂರುವವರು ಒಪ್ಪಿಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ.

ಕಾನೂನು ಕೂಡ ಇದಕ್ಕೆ ಅಡ್ಡ ಬರುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೆಯ ಕಲಮು ಅಂಗವಿಕಲ ವ್ಯಕ್ತಿಗಳಿಗೆ ಇತರರಿಗೆ ಸಮನಾದ ಸಾಂಸ್ಕೃತಿಕ ಬದುಕಿನ ಹಕ್ಕಿದೆಯೆಂದು ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಕಾಕತಾಳೀಯವೋ ಏನೋ, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿಯೇ ಕಲಿಸಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಮಿನ ಸಂಖ್ಯೆಯೂ 29. ಸಾಂಸ್ಕೃತಿಕ ಬದುಕೆಂದರೆ ವರ್ಷಕ್ಕೊಮ್ಮೆ ವಿಶ್ವ ಅಂಗವಿಕಲರ ದಿನದಂದು ಮಕ್ಕಳಿಗೆ ಒಂದೇ ಬಣ್ಣದ ಬಟ್ಟೆ ತೊಡಿಸಿ ಸಿನಿಮಾ ಹಾಡಿಗೆ ಕುಣಿಸುವುದು ಎಂದು ಈ ಕಾಯ್ದೆಗಳನ್ನು ಬರೆದವರು ಭಾವಿಸಿದ್ದರೆಂದು ನಾನು ನಂಬುವುದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೊದಲ ಭೇಟಿಯ ಅರ್ಜಿಯಲ್ಲಿ ‘ಮಾತೃಭಾಷೆ’ ಎಂದು ಕೇಳಿ ಕೈಬಿಡದೆ, ಆ ಮನೆಯಲ್ಲಿ ಯಾರು ಯಾರೊಡನೆ ಯಾವ ಮಾತನ್ನು, ಯಾವ ಊರಿನ ಬಗೆಯಲ್ಲಿ ಆಡುತ್ತಾರೆಂದು ಬರೆದುಕೊಳ್ಳಿರಿ. ತುಳುವಾಗಲಿ, ಬ್ಯಾರಿಯಾಗಲಿ, ಕೊಂಕಣಿಯಾಗಲಿ, ದಖ್ಖನಿ ಉರ್ದುವಾಗಲಿ, ಹವ್ಯಕರ ಅಥವಾ ಧಾರವಾಡದವರ ಕನ್ನಡವಾಗಲಿ, ಅದು ನಿಮಗೆ ಬಾರದಿದ್ದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ತಾಯಿಯನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷಿಸಿರಿ, ಅವರು ‘ಇದು ನಮ್ಮಲ್ಲಿ ಸರಿಯಾದ ಮಾತು’ ಎಂದದ್ದನ್ನು ದೋಷವೆಂದು ಗುರುತು ಹಾಕಬೇಡಿರಿ. ಮಾತೇ ಹೊರಡದ ಮಕ್ಕಳಿಗೆ ಚಿತ್ರಗಳ ಹಲಗೆ ಮಾಡಿಕೊಡುವಾಗ ಅವರ ಮನೆಯ ಪಾತ್ರೆ, ಅವರ ತಿಂಡಿ, ಅವರು ಹೋಗುವ ಗುಡಿಯೋ ದರ್ಗಾವೋ ಚರ್ಚೋ ಆ ಹಲಗೆಯ ಮೇಲೆ ಇರಲಿ. ಇಂಗ್ಲಿಷ್ ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಓಡಾಡಬೇಕಾದವನಿಗೆ ಅದೂ ಬೇಕು. ಅದಕ್ಕೆ ಬೆಲೆಯಾಗಿ ಮನೆಯ ಮಾತನ್ನು ಕೇಳಬೇಡಿರಿ.

ವಸತಿಗೃಹಗಳನ್ನು ನಡೆಸುವವರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುವುದೆಂದರೆ, ನಿವಾಸಿಯ ಭಾಷೆಯನ್ನು ಆಡುವ ಒಬ್ಬರನ್ನಾದರೂ ಕರೆಸಿ ಮಾತನಾಡಿಸದೆ ಯಾರ ಕಡತದಲ್ಲಿಯೂ ‘ಮಾತು ಬರುವುದಿಲ್ಲ’ ಎಂದು ಬರೆಯಬೇಡಿರಿ. ಯುಗಾದಿಯೋ ಬಕ್ರೀದೋ ಕ್ರಿಸ್‌ಮಸ್ಸೋ ಅವರದು ಯಾವ ಹಬ್ಬ, ಏನು ತಿನ್ನುತ್ತಿದ್ದರು, ಕೂದಲನ್ನು ಹೇಗೆ ಬಾಚಿಕೊಳ್ಳುತ್ತಿದ್ದರು ಎಂಬುದನ್ನು ಔಷಧಿಯ ಪಟ್ಟಿಯ ಜೊತೆಗೇ ಇರಿಸಿರಿ. ಓದು ಬರಹದ ತೊಡಕಿನಿಂದಾಗಿ ಪರೀಕ್ಷೆಯಲ್ಲಿ ಭಾಷಾ ವಿನಾಯಿತಿ ಪಡೆದ ಮಕ್ಕಳ ಶಾಲೆಗಳಿಗೂ ಒಂದು ಮಾತು: ವಿನಾಯಿತಿ ಇರುವುದು ಪರೀಕ್ಷೆಗೆ. ಕನ್ನಡದ ಅವಧಿಯಲ್ಲಿ ಆ ಮಗುವನ್ನು ಲೈಬ್ರರಿಗೆ ಕಳುಹಿಸಿ, ರಾಜ್ಯೋತ್ಸವದ ನಾಟಕದಿಂದಲೂ ಹೊರಗಿಡಬೇಕಾದ ಅಗತ್ಯವಿಲ್ಲ. ಬರೆಯಲಾರದ ಮಗು ಕೇಳಬಲ್ಲದು, ಹಾಡಬಲ್ಲದು, ಪಾತ್ರ ಮಾಡಬಲ್ಲದು.

ಕೊನೆಯದಾಗಿ, ಈಗಾಗಲೇ ಆ ಸಲಹೆಯನ್ನು ಪಾಲಿಸುತ್ತಿರುವ ಮನೆಗಳಿಗೆ ನೀವೇ ಒಂದು ಫೋನು ಮಾಡಿ ‘ನಿಮ್ಮ ಮಾತಿನಲ್ಲಿಯೇ ಮಾತನಾಡಿಸಿ’ ಎಂದು ಹೇಳಬೇಕೆಂದು ಪ್ರಾರ್ಥಿಸುತ್ತೇನೆ. ಈ ಮಾತನ್ನು ನನ್ನಂಥವಳು ಹೇಳಿದರೆ ಆ ತಾಯಂದಿರು ನಂಬುವುದಿಲ್ಲ. ನೀವು ಹೇಳಿದರೆ ಅಂದು ಸಂಜೆಯೇ ಕಥೆ ಶುರುವಾದೀತು. ನಮ್ಮ ಅಜ್ಜಿ 2006ರ ಮಳೆಗಾಲದಲ್ಲಿ ತೀರಿಕೊಂಡರು, ಅಂದರೆ ಗದ್ದೆಯ ಆ ‘ಕೂ’ಗಿಂತ ಒಂದು ವರ್ಷ ಮುಂಚೆ.

ಅಮ್ಮ ಮತ್ತು ನಾನು ಕೂತು ತಮ್ಮನ ಬಾಯಲ್ಲಿ ಬರುವ ಮಾತುಗಳನ್ನೆಲ್ಲ ಅವನು ಆಡುವಂತೆಯೇ ಬರೆದು, ಎದುರಿಗೆ ಅರ್ಥವನ್ನೂ ಹಾಕಿ ಒಂದು ಪಟ್ಟಿ ಮಾಡಿದ್ದೇವೆ. ಈವರೆಗೆ 212 ಆಗಿವೆ. ಮುಂದಿನ ತಿಂಗಳು ಅವನ ಪ್ರಮಾಣಪತ್ರದ ನವೀಕರಣಕ್ಕೆ ಬರುವಾಗ ಅದರ ಎರಡು ಪ್ರತಿಗಳನ್ನು ತರುತ್ತೇವೆ. ಮೇಜಿನ ಆಚೆಗೆ ಕೂರುವವರು ಯಾರೇ ಆಗಿರಲಿ, ಪ್ರಶ್ನೆ ಕೇಳುವ ಮೊದಲು ಅದನ್ನು ಒಮ್ಮೆ ಓದಿಕೊಳ್ಳಬೇಕಾಗಿ ಕೋರುತ್ತೇನೆ.

ಗೌರವಪೂರ್ವಕವಾಗಿ,

ಕೋಟೇಶ್ವರದ ಕಡೆಯ ಒಬ್ಬ ಅಕ್ಕ